ಎದುರು ಮನೆ ಬೋರಿನ ಕೆಂಪು ನೀರು

ನಮ್ಮ ಬೀದಿಯಲ್ಲಿ ಒಂದು ಮನೆಯ ಸುದ್ದಿ ಆರುವಷ್ಟರಲ್ಲಿ ಇನ್ನೊಂದು ಮನೆಯದು ಕುದಿಯೋಕೆ ಶುರುವಾಗಿರುತ್ತೆ. ನಾನೇನೂ ಹುಡುಕಿಕೊಂಡು ಹೋಗುವವಳಲ್ಲ. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿರ್ತೀನಿ. ಎದುರು ಮನೆ ಬಾಗಿಲು ಸರಿಯಾಗಿ ನನ್ನ ಮುಖಕ್ಕೇ ಇದೆ. ಅದು ಮನೆ ಕಟ್ಟಿದವರ ತಪ್ಪು.

ನಮ್ಮೂರು ದೊಡ್ಡಮಳೂರಿನಿಂದ ಒಸಿ ಆಚೆಗೆ. ಎದುರು ಮನೆಯಲ್ಲಿರೋದು ಗಂಡ, ಹೆಂಡತಿ, ಮದುವೆ ವಯಸ್ಸಿಗೆ ಬಂದ ಒಬ್ಬಳೇ ಮಗಳು. ಅವರು ಹೊಸದಾಗಿ ಬೋರು ಕೊರೆಸಿದರು. ನೀರು ಬೇಕಾದಷ್ಟು ಬಂತು. ಬರುವಾಗ ಗಾಜಿನಂತೆ ತಿಳಿ. ಬಿಂದಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪು, ಮೇಲೆ ಎಣ್ಣೆ ತೇಲಿದಂಥ ಪೊರೆ, ತಳದಲ್ಲಿ ಕಾಡಿಗೆಯಂಥ ಕರಿ. ಆ ನೀರೇ ಹುಡುಗಿಯ ಮದುವೆಗೆ ಅಡ್ಡ ಬಂತು ಅಂದರೆ ನೀವು ನಂಬೋದಿಲ್ಲ.

೧. ಯಜಮಾನನ ಪಂಚೆ

ಸೋಲೂರು ಕಡೆಯಿಂದ ಹೆಣ್ಣು ನೋಡೋಕೆ ಬಂದರು. ಯಜಮಾನ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ. ಬಿಳಿ ಅಂತ ಅವನು ಅಂದುಕೊಂಡಿದ್ದ. ಆರು ತಿಂಗಳು ಆ ನೀರಲ್ಲೇ ಒಗೆದು ಅದು ಮಠದ ಸ್ವಾಮಿಗಳು ಉಡುವ ಬಣ್ಣಕ್ಕೆ ತಿರುಗಿತ್ತು. ದಿನಾ ನೋಡೋ ಕಣ್ಣಿಗೆ ಗೊತ್ತಾಗೋದಿಲ್ಲ.

ಟೀ ಬಂತು. ಹಾಲು ಹಾಕಿದ್ದರೂ ಬೂದಿ ಕಲಸಿದ ಬಣ್ಣ. ಗಂಡಿನ ಅಜ್ಜಿ ಒಂದು ಗುಟುಕು ಕುಡಿದು, "ಯಾರಿಗವ್ವಾ ಜ್ವರ, ಕಷಾಯ ಕಾಸಿದ್ದೀರಿ?" ಅಂದಳು. ಹೋದವರು ಮತ್ತೆ ಸುದ್ದಿ ಹೇಳಿ ಕಳಿಸಲಿಲ್ಲ.

ನಾನು ಹಾಲಿನ ಡೈರಿಯಲ್ಲಿ ಇಬ್ಬರ ಹತ್ತಿರ ಮಾತ್ರ, "ಹುಡುಗೀಗೆ ಬ್ಯಾರೆ ಯಾರೋ ಇರಬೇಕು" ಅಂದೆ. ಸಂಜೆಗೆ ಅದೇ ಸುದ್ದಿ ತಿರುಗಿ ನನ್ನ ಜಗಲಿಗೇ ಬಂತು, ಹುಡುಗನ ಊರು, ಅವನ ಬೈಕಿನ ಬಣ್ಣ ಸಮೇತ. ಡೈರಿ ಕ್ಯಾನಿಗೆ ಸುರಿದ ಹಾಲು ವಾಪಸ್ ಬರುತ್ತಾ? ಅವರೆಕಾಯಿ ಸುಲಿಯುತ್ತಾ ಕೂತೆ.

ಹದಿನೈದು ದಿನ ಆದ ಮೇಲೆ ಸಂಬಂಧ ತಂದಿದ್ದವನು ನಿಜ ಹೇಳಿದ. ಆ ಅಜ್ಜಿ ವಾಪಸ್ ಹೋಗುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದಳಂತೆ: "ಹೆಣ್ಣಿನಪ್ಪ ಕಾವಿ ಉಟ್ಕಂಡವ್ನೆ. ಸನ್ಯಾಸಿ ಮನೇಲಿ ಧಾರೆ ಎರೆಯೋರು ಯಾರು?"

೨. ಎರಡು ಕಡ್ಡಿ

ಎದುರು ಮನೆಯಾಕೆ ನನ್ನ ಹತ್ತಿರ ಬಂದು ಅತ್ತಳು. "ಕುದೂರಿಂದ ಇನ್ನೊಂದು ಸಂಬಂಧ ಬತ್ತಾ ಐತೆ ದೊಡ್ಡವ್ವ. ಇದೂ ತಪ್ಪೋದ್ರೆ ಊರೋರು ಆ ಬೈಕಿನ ಕತೆ ನಿಜ ಅಂದ್ಕತಾರೆ."

ನಾನು ಎಲೆ ಅಡಿಕೆ ಹಾಕಿಕೊಂಡು ಬಾಯಿ ತುಂಬಿಸಿಕೊಂಡೆ. ಆಮೇಲೆ, "ಫಿಲ್ಟರ್ ಹಾಕ್ಸವ್ವ. ನಾನೂ ಜೊತೇಲಿರ್ತೀನಿ" ಅಂದೆ.

ಮಾರನೇ ದಿನವೇ ಟೈ ಕಟ್ಟಿಕೊಂಡ ಒಬ್ಬ ಅಡುಗೆಮನೆಗೆ ಹಾಕೋ ಮಿಷಿನ್ ಮಾರೋಕೆ ಬಂದ. ಒಂದು ಲೋಟದಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ತಾನು ತಂದ ಬಾಟಲಿ ನೀರು ಇಟ್ಟ. ಕರೆಂಟಿನ ಎರಡು ಕಡ್ಡಿ ಇಳಿಬಿಟ್ಟ. ಬೋರಿನ ನೀರು ನೋಡನೋಡುತ್ತಲೇ ಚರಂಡಿಯಾಯಿತು. ಅವನ ನೀರು ಹಾಗೇ ಇತ್ತು.

"ನೋಡಿ ಅಮ್ಮ, ಈ ವಿಷಾನೇ ನೀವು ಕುಡೀತಿರೋದು" ಅಂದ. ಎದುರು ಮನೆಯಾಕೆ ಆಗಲೇ ಸೆರಗಿನ ಗಂಟಿಗೆ ಕೈ ಹಾಕಿದ್ದಳು.

ನನಗೆ ಆ ಕಡ್ಡಿ ಮೇಲೆ ಅನುಮಾನ. ನಮ್ಮ ಮನೆಗೆ ಹೋಗಿ, ಬೆಳಿಗ್ಗೆ ದೇವಸ್ಥಾನದಿಂದ ತಂದಿದ್ದ ತೀರ್ಥವನ್ನು ಲೋಟಕ್ಕೆ ಬಗ್ಗಿಸಿಕೊಂಡು ಬಂದು ಮುಂದಿಟ್ಟೆ. "ಇದಕ್ಕೂ ಒಸಿ ಬುಡಪ್ಪ."

ಏನು ಅಂತ ಕೇಳದೆ ಕಡ್ಡಿ ಇಳಿಬಿಟ್ಟ. ಅದೂ ಕೆಂಪಗೆ ಕದಡಿತು, ತುಳಸಿ ಎಲೆ ಮೇಲೆ ಬಂದು ಸುತ್ತಿತು. ಅವನ ಮುಖ ತುಳಸಿಗಿಂತ ಹಸಿರಾಯಿತು.

"ಸರಿ ಕಣಪ್ಪ, ದೇವರಿಗೂ ಒಂದು ಮಿಷಿನ್ ಕೂರಿಸಿಕೊಟ್ಟು ಹೋಗು" ಅಂದೆ.

೩. ಮರ್ಯಾದೆಯ ಬಾಟಲಿ

ನೀರು ಪರೀಕ್ಷೆ ಮಾಡಿಸದೆ ಫಿಲ್ಟರ್ ತಗೋಬೇಡಿ ಅಂತ ರಾಮನಗರದಲ್ಲಿ ಓದಿದ ಮಗಳು ಹೇಳಿದಳು. ತಾಯಿ ತಾನೇ ಬಾಟಲಿ ಹಿಡಿದುಕೊಂಡು ಪೇಟೆಗೆ ಹೋದಳು. ರಿಪೋರ್ಟ್ ಬಂತು: ನೀರಿನಲ್ಲಿ ಏನೂ ದೋಷವಿಲ್ಲ.

ಬೀದಿಗೆ ಬೀದಿಯೇ ಬೆರಗಾಯಿತು. ಯಜಮಾನ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದ, "ಯಾವ ನೀರು ಕೊಟ್ಟೆ?"

"ನಮ್ದೇ."

"ಹಂಗೇ ಕೊಟ್ಟಾ?"

ಆಕೆ ಸೆರಗು ತಿರುವಿದಳು. "ಹಂಗೇ ಹೆಂಗೆ ಕೊಡಾದು? ಪೇಟೆ ಜನದ ಮುಂದೆ ಆ ಕೆಂಪು ನೀರು ಇಡಾಕಾಯ್ತದಾ? ಪಟಿಕ ಆಡ್ಸಿ, ಒಂದು ರಾತ್ರಿ ತಿಳಿಯಾಕೆ ಬುಟ್ಟು, ತೆಳು ಮಲ್ಲು ಬಟ್ಟೇಲಿ ಮೂರು ಸಲ ಸೋಸ್ದೆ."

ಎರಡನೇ ಸಲ ಮಗಳೇ ಬೋರಿನ ಬಾಯಿಗೆ ಬಾಟಲಿ ಹಿಡಿದು ತುಂಬಿ ಕೊಟ್ಟು ಬಂದಳು. ಕೆಂಪು ಮಾಡೋದು ಕಬ್ಬಿಣ, ಕರಿ ಮಾಡೋದು ಮ್ಯಾಂಗನೀಸ್, ಎರಡೂ ಜಾಸ್ತಿ ಐತೆ ಅಂತ ಗೊತ್ತಾಯಿತು. ಪರೀಕ್ಷೆ ಮಾಡಿದ ಮೇಡಮ್ಮು, ಅಡುಗೆಮನೆ ಮಿಷಿನ್ ಈ ನೀರಿಗೆ ತಿಂಗಳೊಪ್ಪತ್ತಿನಲ್ಲಿ ಕಟ್ಟಿಕೊಳ್ಳುತ್ತೆ ಅಂದಳಂತೆ. ನೀರಿಗೆ ಮೊದಲು ಗಾಳಿ ತಾಕಬೇಕು, ಆಮೇಲೆ ಆಳೆತ್ತರದ ಡ್ರಮ್ಮಿನೊಳಗಿನ ಮರಳು, ಕರಿ ಪುಡಿ ಹಾಯ್ದು ಬರಬೇಕು. ಎರಡು ಮೂರು ದಿನಕ್ಕೊಂದು ಸಲ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟು ಆ ಡ್ರಮ್ಮನ್ನು ತೊಳೆದು ಕೊಳೆ ಹೊರಕ್ಕೆ ಹಾಕಬೇಕು.

ಕೊನೆಗೆ ಮೇಡಮ್ಮು ಕೇಳಿದಳಂತೆ: "ಹೋದ ವಾರ ನಿಮ್ಮೂರಿಂದ ಒಬ್ಬರು ತಿಳಿ ನೀರು ತಂದಿದ್ದರಲ್ಲ, ಅವರು ಯಾವ ಕಂಪನಿ ಫಿಲ್ಟರ್ ಹಾಕಿಸಿದ್ದಾರೆ?"

೪. ಮೋರಿಯಲ್ಲಿ ಹರಿದದ್ದು

ಫಿಲ್ಟರ್ ಬಂತು. ಕುದೂರಿನವರು ಬರುವ ದಿನವೂ ಬಂತು. ಹೊಸ ಪಂಚೆ ಉಟ್ಟ ಯಜಮಾನನಿಗೆ ಬೆಳಿಗ್ಗೆ ನೆನಪಾಯಿತು, ನಾಲ್ಕು ದಿನದಿಂದ ಡ್ರಮ್ಮು ತೊಳೆದಿಲ್ಲ. ಹಿತ್ತಲಿಗೆ ಓಡಿ ತಿರುಪು ತಿರುಗಿಸಿದ. ನಾಲ್ಕು ದಿನದ ತುಕ್ಕೆಲ್ಲ ಮೋರಿಗೆ ಬಿದ್ದು, ಮನೆ ಮುಂದೆ ಕೆಂಪಗೆ ದಳದಳ ಹರಿಯಿತು.

ಕುದೂರಿನವರ ಕಾರು ನಿಂತದ್ದೂ ಆಗಲೇ. ಗಂಡಿನ ಸೋದರಮಾವ ಮೊದಲು ಇಳಿದ. ಮೋರಿ ನೋಡಿದ. ಹಿಂದಿನವನಿಗೆ ಮೆಲ್ಲಗೆ ಹೇಳಿದ್ದು ನನ್ನ ಜಗಲಿಗೆ ಚೆನ್ನಾಗಿ ಕೇಳಿಸಿತು: "ಕುರಿ ಕುಯ್ದವ್ರೆ ಕಣ್ಲಾ. ಒಂದಲ್ಲ, ಎರಡಿರಬೇಕು. ಒಳ್ಳೆ ಮನೆ."

ಟೀ ಟೀ ಬಣ್ಣದಲ್ಲೇ ಬಂತು. ನಾನೂ ಒಳಗೆ ಹೋಗಿ ಕೂತೆ, ಹಿರಿಯರು ಅಂತ ಒಬ್ಬರು ಬೇಡವಾ? ಎಲೆ ಹಾಕಿದರು. ಒಬ್ಬಟ್ಟು, ಕೋಸಂಬರಿ, ಹಿತಕಿದ ಬೇಳೆ ಸಾರು. ಸೋದರಮಾವ ಒಬ್ಬಟ್ಟನ್ನು ಪಕ್ಕಕ್ಕೆ ಸರಿಸಿ, ಜಾಗ ಮಾಡಿಕೊಂಡು ಕೂತ. ಅನ್ನ ಬಂತು. ಮಜ್ಜಿಗೆಯೂ ಬಂತು.

"ಅದೆಲ್ಲಿ?" ಅಂದ.

"ಯಾವ್ದು?" ಅಂದ ಯಜಮಾನ.

"ಮೋರೀಲಿ ಹರೀತಿತ್ತಲ್ಲ, ಅದರದು."

ಯಜಮಾನನ ಮುಖ ಬಿಳುಚಿತು. ನೀರಿನ ಸಂಗತಿ ಆಚೆ ಬಂದರೆ ಇದೂ ಹೋಯಿತು ಅಂತ ಅವನ ಹೆಂಡತಿ ನನ್ನ ಕೈ ಹಿಂಡಿದಳು. ಆಗ ಮಗಳು ಸಾರಿನ ಪಾತ್ರೆ ಕೆಳಗಿಟ್ಟು ಹೇಳಿದಳು: "ಅದು ಕುರಿ ರಕ್ತ ಅಲ್ಲ. ನಮ್ಮ ಬೋರಿನ ನೀರು ಕೆಂಪು. ಫಿಲ್ಟರ್ ತೊಳೆದ ಕೊಳೆ ಅದು. ಹೋದ ಸಲದೋರು ಆ ನೀರು ನೋಡೇ ಹೋಗಿದ್ದು."

ಗಂಡಿನ ತಾಯಿ ಎದ್ದು ಹೋಗಿ ತನ್ನ ಗಂಡನ ಅಂಗಿಯ ಕಾಲರ್ ಹಿಡಿದು ಮಗುಚಿ ತೋರಿಸಿದಳು. ಒಳಗೆಲ್ಲ ತುಕ್ಕಿನ ಕಲೆ. "ನಮ್ಮ ಬೋರೂ ಇದೇ ಕಣವ್ವ. ಮೂರು ಮಿಷಿನ್ ತಂದು ಮೂರೂ ಅಟ್ಟದ ಮೇಲವೆ. ನಿನಗೆ ಆ ಡ್ರಮ್ಮು ತೊಳೆಯಾಕೆ ಬತ್ತದಾ?"

"ಬತ್ತದೆ. ನಿಮ್ಮ ಮಗನಿಗೂ ಕಲಿಸ್ತೀನಿ" ಅಂದಳು ಹುಡುಗಿ.

ಹುಡುಗ ತಲೆ ಬಗ್ಗಿಸಿಕೊಂಡು ನಕ್ಕ. ಅಲ್ಲೇ ಎಲೆ ಅಡಿಕೆ ತಟ್ಟೆ ಬದಲಾಯಿತು. ಬೈಕಿನ ಕತೆ ಸುಳ್ಳು ಅಂತ ಸಂಜೆ ಡೈರಿಯಲ್ಲಿ ಮೊದಲು ಹೇಳಿದವಳೂ ನಾನೇ.

ತಟ್ಟೆ ಬದಲಾಗುವಾಗ ಎಲ್ಲರೂ ನಗುತ್ತಿದ್ದರೂ ಸೋದರಮಾವ ಮಾತ್ರ ಮಜ್ಜಿಗೆ ಅನ್ನವನ್ನೇ ದಿಟ್ಟಿಸುತ್ತಾ ಕೂತಿದ್ದ. ಕೊನೆಗೆ ಕೈ ತೊಳೆದುಕೊಂಡು ಯಜಮಾನನ ಪಕ್ಕಕ್ಕೆ ಬಂದು ಕೇಳಿದ:

"ಎಲ್ಲಾ ಸರಿ ಬೀಗರೇ. ಬೀಗರೂಟದ ದಿನವಾದ್ರೂ ಕುರಿ ಕುಯ್ತೀರೋ, ಇಲ್ಲ ಅವತ್ತೂ ಫಿಲ್ಟರ್‌ನೇ ತೊಳೀತೀರೋ?"