ಬಿದ್ದ ಮಳೆ ಅಳೆಯುವವನ ಬೇಸಿಗೆ

ಸರಕಾರ ನನ್ನನ್ನು ಇಟ್ಟುಕೊಂಡದ್ದು ಬಿದ್ದ ಮಳೆ ಅಳೆಯೋದಕ್ಕೆ. ಜನ ನನ್ನನ್ನು ಕೇಳುತ್ತಿದ್ದದ್ದು ಇನ್ನೂ ಬೀಳದ ಮಳೆಯನ್ನು. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು, ಒಬ್ಬರಿಗೂ ತಿಳಿಯಲಿಲ್ಲ. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಇಂಥವು ನಡೆಯುತ್ತಲೇ ಇದ್ದವು. ನಾನು ಹೇಳೋದು ಒಂದು ಬೇಸಿಗೆಯದು ಮಾತ್ರ.

ಮೆಟ್ಟೂರು ಅಣೆ ಕಟ್ಟಿ ಮುಗಿದ ಹೊಸತು. ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಹಿತ್ತಲಲ್ಲಿ ಬೇಲಿಯೊಳಗೆ ಮಳೆ ಅಳೆಯುವ ಒಂದು ತಾಮ್ರದ ಪಾತ್ರೆ ಇತ್ತು. ಬೆಳಿಗ್ಗೆ ಅದನ್ನು ನೋಡಿ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಸೇಲಂ ಊರಿನ ಸುತ್ತ ಬೆಟ್ಟ, ನಡುವೆ ನಾವು, ಬಾಣಲೆಯಲ್ಲಿ ಬಿದ್ದ ಕಡಲೆ. ಚಿತ್ರೆ ತಿಂಗಳ ಸುಡುಬಿಸಿಲು ಬಂತೆಂದರೆ ಆ ಪಾತ್ರೆಯಲ್ಲಿ ಹಲ್ಲಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಆದರೆ ಕೋಡೆ ಮಳೆಯನ್ನು, ಅಂದರೆ ಬೇಸಿಗೆಯ ಮಳೆಯನ್ನು, ನಂಬುವ ಹಾಗಿಲ್ಲ. ಬರುವುದೇ ಅಪರೂಪ, ಬಂದರೆ ಹೇಳದೆ ಬರುತ್ತದೆ.

ಆ ವರ್ಷ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಧಾರೆಯ ಸೀರೆ ತಮ್ಮ ಮಗ್ಗದಲ್ಲೇ ನೇಯ್ದು ಕೊಡುವುದಾಗಿ ಅಪ್ಪ ಬೀಗರಿಗೆ ಮಾತು ಕೊಟ್ಟಿದ್ದರು. ನೇಯುವ ಮೊದಲು ಹಾಸಿನ ನೂಲನ್ನು, ಅದಕ್ಕೆ ನಮ್ಮಲ್ಲಿ ಪಾವು ಅನ್ನುತ್ತೇವೆ, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸಬೇಕು. ಒದ್ದೆ ಪಾವಿನ ಮೇಲೆ ಮಳೆ ಬಿದ್ದರೆ ಗಂಜಿ ತೊಳೆದು ಹೋಗಿ ನೂಲೆಲ್ಲ ಗೋಜಲಾಗುತ್ತದೆ, ಸೀರೆಯೂ ಇಲ್ಲ, ಮಾತೂ ಇಲ್ಲ. ಬೇಕಾದದ್ದು ಒಂದೇ ಒಂದು ಒಣ ಬೆಳಿಗ್ಗೆ. ಅದು ಯಾವತ್ತು ಅಂತ ಹೇಳಬೇಕಾದವನು, ಮನೆಯವರ ಪ್ರಕಾರ, ನಾನು.

ಸಂಡಿಗೆ

ಎದುರು ಮನೆ ಅತ್ತೆ ಒಂದು ಬೆಳಿಗ್ಗೆ ಕಚೇರಿಗೆ ಹೊರಟವನನ್ನು ಬಾಗಿಲಲ್ಲೇ ತಡೆದರು.

"ಏನ್ಲಾ, ಇವತ್ತು ಮಳೆ ಐತಾ? ಸಂಡಿಗೆ ಆಕ್ಬೇಕು."

"ನಂಗೊತ್ತಿಲ್ಲ ಅತ್ತೆ. ಬಿದ್ದ ಮ್ಯಾಲೆ ಎಷ್ಟು ಬಿತ್ತು ಅಂತ ಏಳ್ತೀನಿ."

"ಬಿದ್ದ ಮ್ಯಾಲೆ ನೀನ್ಯಾಕ್ಲಾ ಏಳೋದು? ನನ್ ಸೀರೇನೇ ಏಳ್ತದೆ!"

ನನಗೆ ರೋಷ ಬಂತು. ತಲೆಯೆತ್ತಿ ನೋಡಿದೆ. ತೊಳೆದಿಟ್ಟ ತಟ್ಟೆಯ ಹಾಗೆ ಆಕಾಶ. "ಆಕ್ಕೊಳಿ ಅತ್ತೆ, ಮಳೆ ಇಲ್ಲ" ಎಂದು ಸರಕಾರದ ಗತ್ತಿನಲ್ಲೇ ಹೇಳಿ ಹೋದೆ. ಮಧ್ಯಾಹ್ನ ಶೇರ್ವರಾಯನ ಬೆಟ್ಟದಿಂದ ಒಂದೇ ಒಂದು ಮೋಡ ತಪ್ಪಿಸಿಕೊಂಡು ಬಂದು, ಹೊಲಕ್ಕೆ ಸಾಲದ, ಸಂಡಿಗೆಗೆ ಸಾಕಾಗುವಷ್ಟು ಮಳೆ ಸುರಿದು ಹೋಯಿತು.

ಸಂಜೆ ಮನೆಗೆ ಬಂದರೆ ಜಗುಲಿಯ ಮೇಲೆ ಒಂದು ಪಾತ್ರೆ. ಅದರ ತುಂಬ ಕರಗಿದ ಸಂಡಿಗೆ. ಪಕ್ಕದಲ್ಲಿ ಅತ್ತೆ ಕೂತಿದ್ದರು.

"ಅಳೀಲಾ" ಅಂದರು.

ಸರಕಾರದ ಗಿಂಡಿ

ಅದಾದ ವಾರವೇ ಇರಬೇಕು, ಬೆಳಿಗ್ಗೆ ಹೋಗಿ ನೋಡಿದರೆ ಮಳೆ ಪಾತ್ರೆ ತುಂಬಿ ತುಳುಕುತ್ತಿದೆ. ನೆಲ ನೋಡಿದರೆ ಒಣ ಧೂಳು. ನಾನು ತಲೆ ಕೆರೆದುಕೊಂಡು ನಿಂತಿರುವಾಗಲೇ ತಹಶೀಲ್ದಾರರು ಬಂದರು. ತಂಜಾವೂರು ಕಡೆಯಿಂದ ಹೊಸದಾಗಿ ಬಂದವರು, ತಮಿಳರು, ಒಳ್ಳೆಯ ಮನುಷ್ಯ. ಪಾತ್ರೆ ನೋಡಿದರು, ಆಕಾಶ ನೋಡಿದರು, ನನ್ನನ್ನು ನೋಡಿದರು.

ಆಗ ಬೇವಿನ ಮರದಡಿಯಿಂದ ಒಬ್ಬ ಅಜ್ಜಿ ಎದ್ದು ಬಂದಳು. ಪಾಲಕೋಡ್ ಕಡೆಯ ಹಳ್ಳಿಯವಳು, ಜಮೀನಿನ ತಕರಾರಿಗೆ ಬಂದು ಯಾವಾಗ ಕರೆಯುತ್ತಾರೋ ಎಂದು ದಿನಗಟ್ಟಲೆ ಕಾದಿದ್ದವಳು. ಕೈಯಲ್ಲಿ ಖಾಲಿ ಕೊಡ.

"ನಾನೇ ಸಾಮಿ ಉಯ್ದಿದ್ದು" ಅಂದಳು ನನ್ನ ಕಡೆ ತಿರುಗಿ. "ನೀವು ದಿನಾ ಬಂದು ಬಗ್ಗಿ ನೋಡಿ, ಇಲ್ಲ ಅಂತ ತಲೆ ಆಡ್ಸ್ಕೊಂಡು ಓಗ್ತಿದ್ರಿ. ನಂಗೆ ಒಟ್ಟೆ ಉರೀತು. ಸರಕಾರದ ಗಿಂಡೀನೇ ಒಣಗಿದ್ರೆ ನಮ್ ಒಲಕ್ಕೆ ಎಲ್ಲಿಂದ ಮಳೆ ಬರ್ತದೆ?"

ನಾನು ತಹಶೀಲ್ದಾರರಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಬೇಲಿ ಹಿಡಿದು ಪಾತ್ರೆಯೊಳಗೆ ಇನ್ನೊಮ್ಮೆ ಬಗ್ಗಿ ನೋಡಿ ಕೇಳಿದರು.

"ಇದನ್ನು ಮಳೆ ಅಂತ ಬರೆಯೋದೋ, ಅರ್ಜಿ ಅಂತ ಬರೆಯೋದೋ?"

ಅಜ್ಜಿಯನ್ನು ಆ ದಿನ ಮೊದಲು ಕರೆದು ವಿಚಾರಿಸಿದರು, ಅದನ್ನೂ ಹೇಳಬೇಕು.

ಮಂಡಿ

ಇತ್ತ ಮನೆಯಲ್ಲಿ ಮದುವೆ ಹತ್ತಿರ ಬರುತ್ತಿತ್ತು, ಪಾವು ಮಾತ್ರ ಮೂಲೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅಪ್ಪ ನನ್ನ ಮಾತು ಕೇಳುವುದನ್ನು ಸಂಡಿಗೆಯ ದಿನವೇ ಬಿಟ್ಟಿದ್ದರು. ಅವರು ನಂಬಿದ್ದು ತಮ್ಮ ಎಡ ಮಂಡಿಯನ್ನು. ಮಂಡಿ ನೋವು ಎದ್ದರೆ ಮಳೆ, ಇಲ್ಲದಿದ್ದರೆ ಬಿಸಿಲು. ಅಷ್ಟರಲ್ಲಿ ಮದುವೆ ಕೆಲಸಕ್ಕೆಂದು ಕೊಳತ್ತೂರಿನಿಂದ ಸೋದರಮಾವ ಬಂದರು. ಅವರಿಗೆ ಬಲ ಮಂಡಿ. ಒಬ್ಬರ ಮಂಡಿ ನೋಯುವ ದಿನ ಇನ್ನೊಬ್ಬರದು ನೋಯುತ್ತಿರಲಿಲ್ಲ.

"ನಾಳೆ ಪಾವು ಎಳಿಯಾನ" ಅಪ್ಪ ಅಂದರೆ, "ಬ್ಯಾಡ ಮಚ್ಚಾ, ಮಂಡಿ ಇಡಿತೈತೆ, ಮಳೆ ಗ್ಯಾರಂಟಿ" ಮಾವ ಅನ್ನೋರು. ಮಾವನದು ಇನ್ನೊಂದು ವಾದ. ಮೆಟ್ಟೂರಲ್ಲಿ ನೀರು ನಿಲ್ಲಿಸಿದ ಮೇಲೆ ಮೋಡಗಳಿಗೆ ದಾರಿ ತಪ್ಪಿದೆ, ಎಲ್ಲ ಅಲ್ಲಿ ನೀರು ಕುಡಿಯಲು ಇಳಿದು, ಹೊಟ್ಟೆ ಭಾರವಾಗಿ, ಮೇಲೆ ಏಳಲಾರದೆ ಕೂತುಬಿಡುತ್ತವೆ. ನಾನು ಹಾಗಲ್ಲ ಅನ್ನಲು ಬಾಯಿ ತೆರೆದರೆ, ಇಬ್ಬರೂ ಒಂದಾಗಿ "ನೀನು ಸುಮ್ಕಿರ್ಲಾ" ಅನ್ನೋರು. ನನ್ನ ವಿಷಯದಲ್ಲಿ ಮಾತ್ರ ಎಡ ಬಲ ಕೂಡುತ್ತಿತ್ತು.

ಒಂದು ದಿನ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ತಟ್ಟೆ ಪಕ್ಕಕ್ಕಿಟ್ಟಳು.

"ಮಂಡಿ ನೋವಿಗೆ ಮಳೆ ಬರಂಗಿದ್ರೆ, ನನ್ ಮಂಡಿಗೆ ಈ ಸೇಲಂ ಯಾವತ್ತೋ ಮುಳುಗ್ಬೇಕಿತ್ತು. ನಾಳೆ ಪಾವು ಎಳೀರಿ, ಇಲ್ದಿದ್ರೆ ನನ್ ಮಗಳ್ನ ಮಣೆ ಮ್ಯಾಲೆ ನಿಮ್ಮಿಬ್ರ ಪಂಚೆ ಉಡ್ಸಿ ಕೂರುಸ್ತೀನಿ."

ಅಳು

ಮಾರನೆಯ ಬೆಳಿಗ್ಗೆ ಪಾವು ಎಳೆದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೂಲು, ಎರಡೂ ಬದಿಗೆ ಬೀದಿಯವರೆಲ್ಲ ಕುಂಚ ಹಿಡಿದು ಗಂಜಿ ಬಳಿಯುತ್ತಿದ್ದಾರೆ. ನನಗೆ ರಜ. ಎಲ್ಲ ಚೆನ್ನಾಗಿಯೇ ಇತ್ತು. ಆಗ ತಮಟೆ ಕೇಳಿಸಿತು.

ಪಕ್ಕದ ಹಳ್ಳಿಯ ರೈತರು ಕೊಡುಂಬಾವಿ ಎಳೆದುಕೊಂಡು ಬಂದಿದ್ದರು. ಊರಲ್ಲಿ ಯಾವನೋ ಮಹಾಪಾಪಿ ಇದ್ದಾನೆ, ಅದಕ್ಕೇ ಮಳೆ ಇಲ್ಲ ಅಂತ ಹುಲ್ಲಿನ ಬೊಂಬೆ ಕಟ್ಟಿ, ಹೆಣದ ಹಾಗೆ ಬೀದಿ ಬೀದಿ ಎಳೆದು, ಹೆಂಗಸರು ಎದೆ ಬಡಿದುಕೊಂಡು ಅತ್ತು, ಊರಾಚೆ ಸುಡುವ ಪದ್ಧತಿ. ಅವರ ದಾರಿ ನಮ್ಮ ಬೀದಿ. ಬೀದಿ ತುಂಬ ಒದ್ದೆ ಪಾವು.

"ಪಾವು ಎತ್ತಿ" ಅಂದರು ಅವರ ಊರ ಗೌಂಡರು, ತಮಿಳಿನಲ್ಲಿ. "ಮುಟ್ಟಿದ್ರೆ ಅಂಟ್ಕೊಂತದೆ, ಆಗಾಕಿಲ್ಲ" ಅಂದರು ಅಪ್ಪ, ಕನ್ನಡದಲ್ಲಿ. ಜಗಳ ಎರಡು ಭಾಷೆಯಲ್ಲೂ ಬೆಳೆಯಿತು. ಅವರಿಗೆ ಮಳೆ ಬೇಕು, ನಮಗೆ ಬೇಡ. ದೇವರೇ ಬಂದಿದ್ದರೂ ಕೈಕಟ್ಟಿ ನಿಲ್ಲಬೇಕಿತ್ತು. ಅವ್ವ ದೊಡ್ಡ ಪಾತ್ರೆಯಲ್ಲಿ ನೀರುಮಜ್ಜಿಗೆ ತಂದು ನಡುವೆ ಇಟ್ಟಳು.

"ಪಾವು ಒಣಗೋ ತನಕ ಜಗುಲಿ ಮ್ಯಾಲೆ ಕೂತ್ಕೊಳಿ. ಆಮೇಲೆ ಎಳ್ಕೊಂಡೋಗಿ. ಬೇಕಾದ್ರೆ ಅಳಾಕೆ ನಾವೂ ಬರ್ತೀವಿ."

ಎಲ್ಲರೂ ಒಪ್ಪಿದರು. ಬಿಸಿಲಿಗೆ ಹುಲ್ಲು ಉದುರಬಾರದೆಂದು ಕೊಡುಂಬಾವಿಯನ್ನು ನಮ್ಮ ಜಗುಲಿಯ ಮೇಲೆ ಮಲಗಿಸಿ ಬಿಳಿ ಪಂಚೆ ಹೊದಿಸಿದರು. ಸುಮ್ಮನೆ ಕೂತು ಬೇಸರವಾಗಿ ಅವರ ಹೆಂಗಸರು ಒಪ್ಪಾರಿ, ಅಂದರೆ ಹೆಣದ ಮುಂದಿನ ಅಳುಹಾಡು, ಶುರು ಮಾಡಿದರು. ನಮ್ಮ ಬೀದಿಯ ಹೆಂಗಸರು ಅಳುವುದರಲ್ಲಿ ಯಾರಿಗೆ ಕಡಿಮೆ? ಅವರೂ ಸೇರಿದರು. ಎದುರು ಮನೆ ಅತ್ತೆಯಂತೂ ಸಂಡಿಗೆ ನೆನೆಸಿಕೊಂಡು ಅತ್ತರೋ ಏನೋ, ಧಾರಾಳವಾಗಿ ಅತ್ತರು.

ಆ ಹೊತ್ತಿಗೆ ನಂಗವಳ್ಳಿಯಿಂದ ನಮ್ಮ ಬೀಗಿತ್ತಿ ಬಂದರು. ಪಾವಿಗೆ ಅರಿಶಿನ ಕುಂಕುಮ ಇಡುವುದಕ್ಕೆ ಗಂಡಿನ ತಾಯಿ ಬರೋದು ವಾಡಿಕೆ, ಹಿಂದಿನ ದಿನವೇ ಹೇಳಿ ಕಳಿಸಿದ್ದೆವು. ಜಟಕಾದಿಂದ ಇಳಿದು ನೋಡಿದರೆ ಜಗುಲಿಯ ಮೇಲೆ ಬಿಳಿ ಹೊದ್ದ ದೇಹ, ಸುತ್ತ ಎದೆ ಬಡಿದುಕೊಳ್ಳುವ ಹೆಂಗಸರು, ತಮಟೆ. ಅಪ್ಪ ಬೀದಿಯ ಆ ತುದಿಯಲ್ಲಿದ್ದರು, ಕಾಣಿಸಲಿಲ್ಲ. ಆಕೆ ಕೈಯಲ್ಲಿದ್ದ ತಟ್ಟೆ ಅಲ್ಲೇ ಬಿಟ್ಟರು.

"ಅಯ್ಯೋ ಬೀಗ್ರೇ! ಮಗಳ ಸೀರೆ ಮುಗಿಸ್ದೆ ಓದ್ರಾ!"

ಎಂಥ ಅಳು ಅದು! ನಾವು ತಡೆಯುವಷ್ಟರಲ್ಲಿ ಬೊಂಬೆಯ ಕಾಲ ಮೇಲೆ ಬಿದ್ದು, ಅಪ್ಪನ ಗುಣಗಳನ್ನೆಲ್ಲ ಒಂದೊಂದಾಗಿ ಹಾಡಿಕೊಂಡು ಅತ್ತರು. ಉಳಿದ ಹೆಂಗಸರು ತಾವು ಅಳುವುದನ್ನು ಬಿಟ್ಟು ಕೇಳುತ್ತ ನಿಂತರು. ಅಪ್ಪ ಗದ್ದಲಕ್ಕೆ ಓಡಿ ಬಂದರು, ಮೈಯೆಲ್ಲ ಗಂಜಿ ಮೆತ್ತಿ ಬೆಳ್ಳಗೆ. ಬೀಗಿತ್ತಿ ತಲೆಯೆತ್ತಿ ನೋಡಿದವರು ಕಿಟಾರನೆ ಕಿರುಚಿ ಕೂತರು.

ವಿಷಯ ತಿಳಿದ ಮೇಲೆ ಆಕೆಗೆ ನಾಚಿಕೆ, ನಾಚಿಕೆಯಿಂದ ಕೋಪ. "ಮದುವೆ ಮನೇಲಿ ಎಣ ಮಲಗ್ಸಿ, ನನ್ ಕೈಲಿ ಅಳ್ಸಿದ್ರಲ್ಲಾ! ಅಪಶಕುನ! ಈ ಸಂಬಂದ ಬ್ಯಾಡ!" ಎಂದು ಜಟಕಾದ ಕಡೆಗೆ ನಡೆದೇಬಿಟ್ಟರು. ಬಾಗಿಲ ಸಂದಿಯಲ್ಲಿ ತಂಗಿಯ ಮುಖ ಬಿಳಿಚಿತ್ತು. ಅಪ್ಪ ಕುಂಚ ಹಿಡಿದು ನಿಂತಲ್ಲೇ ನಿಂತಿದ್ದರು.

ಅಷ್ಟರಲ್ಲಿ ತಣ್ಣನೆಯ ಗಾಳಿ. ಬೆಟ್ಟದ ಕಡೆಯಿಂದ ಒಂದು ಮೋಡ ಕಪ್ಪಾಗಿ ಊರ ಮೇಲೇ ಬಂತು. "ಪಾವು!" ಎಂದು ಅಪ್ಪ ಕೂಗಿದರು. ಮಳೆ ಬೇಡಲು ಬಂದ ರೈತರೇ ಮೊದಲು ಓಡಿದರು. ನಾವೂ ಅವರೂ ಸೇರಿ, ಆಗಷ್ಟೇ ಒಣಗಿದ್ದ ಪಾವನ್ನು ಸುತ್ತಿ ಒಳಗೆ ತಂದದ್ದೇ ತಡ, ಧೋ ಎಂದು ಸುರಿಯಿತು. ಬೀಗಿತ್ತಿಗೆ ಜಟಕಾ ಹತ್ತಲಾಗಲಿಲ್ಲ, ನೆನೆಯುತ್ತ ನಮ್ಮ ಜಗುಲಿಗೇ ಹಿಂದಿರುಗಿದರು.

ಗೌಂಡರು ಆಕೆಯ ಮುಂದೆ ಕೈಮುಗಿದು ನಿಂತರು. "ತಾಯೀ, ಬದುಕಿರೋರಿಗೆ ಅತ್ತರೆ ಅವರ ಆಯಸ್ಸು ಗಟ್ಟಿ. ಇದರಲ್ಲಿ ಅಪಶಕುನ ಎಲ್ಲಿದೆ? ನಮ್ಮ ಹೆಂಗಸರು ಊರೂರು ಅತ್ತರು, ಒಂದು ಹನಿ ಬೀಳಲಿಲ್ಲ. ನೀವು ಅತ್ತಿರಿ, ನೋಡಿ ಮಳೆ! ಬರೋ ವರ್ಷ ನಮ್ಮೂರಿಗೇ ಬಂದು ಅತ್ತು ಕೊಡಬೇಕು."

ಬೀಗಿತ್ತಿ ಒದ್ದೆ ಸೆರಗನ್ನು ಹಿಂಡಿ, ಹೊದ್ದು, ಸೆಟೆದು ಕೂತರು.

"ಅಂಗೆಲ್ಲಾ ಬರಾಕಿಲ್ಲ. ಸಂಬಂದಿಗಳ ಮರ್ಯಾದಿ ಐತೆ. ತಾಂಬೂಲ ಇಟ್ಟು ಕರೀರಿ. ಬರ್ತೀನಿ, ಬೀಗ್ರನ್ನೂ ಕರ್ಕೊಂಡ್ ಬರ್ತೀನಿ. ಅವ್ರು ಎದುರಿಗೆ ಮಲಗಿದ್ರೇನೇ ನಂಗೆ ಅಳು ಬರೋದು."