ಚಹಾ ಉಗುಳುವ ನೌಕರಿ

ಹಗಲೆಲ್ಲ ಚಹಾದ ರುಚಿ ನೋಡುವುದೇ ಕೆಲಸವಾದವನು ಸುಮ್ಮನೆ ಕೂತರೂ ಏನಾದರೊಂದು ಫಜೀತಿ ಬೆನ್ನು ಹತ್ತುತ್ತಲೇ ಇರುತ್ತದೆ. ನಾನಿರುವುದು ತೆಲುಗು ಸೀಮೆಯಲ್ಲಿ, ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ. ತುಳಸಿ, ಶುಂಠಿ, ನಿಂಬೆಯ ಘಮದ ಮಜ್ಜಿಗೆ ಹುಲ್ಲು, ದಾಲ್ಚಿನ್ನಿ, ಜ್ಯೇಷ್ಠಮಧು ಹೀಗೆ ಸೊಪ್ಪು, ಬೇರು, ಮಸಾಲೆಗಳನ್ನು ಕೂಡಿಸಿ ಹರ್ಬಲ್ ಟೀ ಎಂದು ಪೊಟ್ಟಣ ಕಟ್ಟುವುದು ನಮ್ಮ ಕಸುಬು. ಯಾವುದು ಎಷ್ಟು ಬೀಳಬೇಕು ಅನ್ನುವುದು ನನ್ನ ನಾಲಿಗೆಗೆ ಬಿಟ್ಟ ಮಾತು. ಬೆಳಿಗ್ಗೆ ಹೋದ ಕೂಡಲೇ ಬಿಳಿ ಪಿಂಗಾಣಿ ಕಪ್ಪುಗಳನ್ನು ಸಾಲಾಗಿ ಇಡುತ್ತೇನೆ. ಒಂದೊಂದರಿಂದ ಒಂದು ಚಮಚ ತೆಗೆದು ಸುರ್ರೆಂದು ಎಳೆದು, ಬಾಯಿತುಂಬ ಹೊರಳಿಸಿ, ಪಕ್ಕದ ಸ್ಟೀಲ್ ಡಬ್ಬಿಗೆ ಉಗುಳಿ, ಮುಂದಿನ ಕಪ್ಪಿಗೆ ಹೋಗುತ್ತೇನೆ.

ನನ್ನ ನಾಲಿಗೆಯನ್ನು ಮಾಲೀಕರು ನಂಬಿದ್ದಾರೆ, ಅಂಗಡಿಯವರು ನಂಬಿದ್ದಾರೆ. ನಂಬದೆ ಇರುವವಳು ಒಬ್ಬಳೇ, ದಿಲ್‌ಸುಖ್‌ನಗರದ ಮನೆಯಲ್ಲಿರುವ ನಮ್ಮವ್ವ. ನಾನು ಮಾಡಿದ ಒಂದೇ ಒಂದು ಚಹಾಕ್ಕೂ ಆಕೆ ಇದುವರೆಗೆ ‘ಛಲೋ ಐತಿ’ ಅಂದವಳಲ್ಲ. ಐವತ್ತು ದಾಟಿದ ಗಂಡಸು ಅವ್ವನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಲು ಕಾಯುತ್ತಾನೆಯೇ ಎಂದು ನಗಬೇಡಿ. ನಾನು ಕಾಯುತ್ತೇನೆ. ಬೇಕಾದರೆ ನಾಚಿಕೆ ಇಲ್ಲದವನು ಅನ್ನಿ.

ಮದುವೆ ಮನೆಯ ಪರಿಚಯ

ನಮ್ಮವರದೊಂದು ಮದುವೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತರು. ಆಚೆ ಪಕ್ಕದಲ್ಲಿ ಅವ್ವ.

“ಏನ್ ಮಾಡ್ತೀರಿ ನೀವು?” ಅಂದರು.

“ಚಹಾ ಕುಡೀತೀನ್ರಿ.”

“ಅದು ನಾವೂ ಕುಡೀತೀವಿ ಬಿಡ್ರಿ. ನೌಕರಿ ಏನು ಅಂತ ಕೇಳಿದೆ.”

“ಅದೇ ನೌಕರಿರಿ. ಕುಡಿದು, ರುಚಿ ನೋಡಿ, ಉಗುಳ್ತೀನಿ.”

ಹಿರಿಯರು ಹೋಳಿಗೆ ಮುರಿಯುವುದನ್ನು ಬಿಟ್ಟು ನನ್ನನ್ನು ಮರುಕದಿಂದ ನೋಡಿದರು. “ದಿನಾ ಉಗುಳ್ತೀರಿ? ಅಷ್ಟು ಕೆಟ್ಟದ್ದು ಕೊಡ್ತಾರೇನ್ರಿ ನಿಮಗ?”

ಹಾಗಲ್ಲ, ನುಂಗಿದರೆ ಹೊಟ್ಟೆ ತುಂಬಿ ಮುಂದಿನದರ ರುಚಿ ತಿಳಿಯುವುದಿಲ್ಲ, ಅದಕ್ಕೊಂದು ಶಾಸ್ತ್ರವಿದೆ ಎಂದು ನಾನು ವಿವರಿಸಲು ಶುರು ಮಾಡಿದೆ. ಅವ್ವ ನನ್ನ ಮಾತನ್ನು ನಡುವೆಯೇ ಕತ್ತರಿಸಿದಳು.

“ಇವ ಮಾಡಿದ್ದು ನಾ ಕುಡಿದೀನ್ರಿ,” ಅಂದಳು. “ಉಗುಳೋದೇ ಬರೋಬ್ಬರಿ.”

ತೀರ್ಥದ ಪರೀಕ್ಷೆ

ಚಟ ಬಾಯಿಗೆ ಹತ್ತಿತೆಂದರೆ ಎಲ್ಲಿ ಏನು ಮಾಡುತ್ತದೋ ಹೇಳಲಾಗದು. ನಮ್ಮ ಕಾಲೊನಿಯ ವೆಂಕಟೇಶ್ವರ ಗುಡಿಯಲ್ಲಿ ಒಂದು ಶನಿವಾರ ತೀರ್ಥಕ್ಕೆ ಸಾಲಿನಲ್ಲಿ ನಿಂತಿದ್ದೆ. ನನ್ನ ಹಿಂದೆ ಅವ್ವ, ಅವಳ ಹಿಂದೆ ಅರ್ಧ ಕಾಲೊನಿ. ಪೂಜಾರಿಗಳು ಉದ್ಧರಣೆಯಿಂದ ನನ್ನ ಅಂಗೈಗೆ ತೀರ್ಥ ಹಾಕಿದರು.

ಕೈ ಬಾಯಿಗೆ ಹೋಯಿತು. ಅಷ್ಟೇ ನನಗೆ ಗೊತ್ತು. ಮುಂದಿನದನ್ನೆಲ್ಲ ಬಾಯಿ ತಾನೇ ಮಾಡಿತು. ಗರ್ಭಗುಡಿಯವರೆಗೂ ಕೇಳುವ ಹಾಗೆ ಸುರ್ರೆಂದು ಎಳೆಯಿತು. ಎಡಗೆನ್ನೆಯಿಂದ ಬಲಗೆನ್ನೆಗೆ, ಬಲಗೆನ್ನೆಯಿಂದ ಎಡಗೆನ್ನೆಗೆ ಹೊರಳಿಸಿತು. ಪುಣ್ಯಕ್ಕೆ ಉಗುಳಲಿಲ್ಲ, ದೇವರೇ ನುಂಗಿಸಿದ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ!

“ಪಚ್ಚಕರ್ಪೂರ ಒಂಚೂರು ಹೆಚ್ಚಾಗೇತ್ರಿ,” ಅಂದೆ. “ತುಳಸಿ ನಿನ್ನೇದು. ಏಲಕ್ಕಿ ಛಲೋ ಐತಿ.”

ಅವ್ವ ಹಿಂದಿನಿಂದ ನನ್ನ ಬೆನ್ನಿಗೆ ಚಿವುಟಿದ್ದು ಇವತ್ತಿಗೂ ನೆನಪಿದೆ. ಪೂಜಾರಿಗಳು ತೆಲುಗಿನವರು, ಸಾಧು ಮನುಷ್ಯ. ಅವ್ವನ ಅಂಗೈಗೆ ತೀರ್ಥ ಹಾಕಿದರು. ನಾನು ನಾಚಿಕೆಯಿಂದ ಎರಡು ಶನಿವಾರ ಗುಡಿಯ ಕಡೆ ಸುಳಿಯಲಿಲ್ಲ. ಮೂರನೆಯ ಶನಿವಾರ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತವನನ್ನು ಅವರೇ ಕೈಸನ್ನೆ ಮಾಡಿ ಮುಂದಕ್ಕೆ ಕರೆದು, ಎಲ್ಲರಿಗಿಂತ ಮೊದಲು ತೀರ್ಥ ಹಾಕಿ, ದನಿ ತಗ್ಗಿಸಿ ಕೇಳಿದರು: “ಈ ರೋಜು ಎಲಾ ಉಂದಿ ಸಾರ್?”

ಇವತ್ತಿನದು ಚೆನ್ನಾಗಿದೆ ಎಂದು ತಲೆಯಾಡಿಸಿದೆ. ಈಗ ಪ್ರತಿ ಶನಿವಾರವೂ ಅದೇ ಪದ್ಧತಿ. ನಾನು ತಲೆಯಾಡಿಸದೆ ಕಾಲೊನಿಯಲ್ಲಿ ಯಾರಿಗೂ ತೀರ್ಥವಿಲ್ಲ.

ಏಕಾದಶಿಗೆ ನಡೆಯುವ ಚಹಾ

ಅವ್ವನಿಗೆ ಏಕಾದಶಿಯ ಉಪವಾಸ. ಆ ದಿನ ಆಕೆ ತನ್ನ ಹಾಲು ಸಕ್ಕರೆಯ ಚಹಾವನ್ನು ಬಿಡುತ್ತಾಳೆ, ಸಂಜೆಯ ಹೊತ್ತಿಗೆ ತಲೆ ಹಿಡಿದುಕೊಂಡು ಕೂಡುತ್ತಾಳೆ. ಇದೇ ಸಮಯವೆಂದು ನಾನು ಹೊಸ ಮಿಶ್ರಣದ ಒಂದು ಲೋಟ ಮಾಡಿ ಮುಂದೆ ಹಿಡಿದೆ.

“ಚಹಾಪುಡಿ ಐತೇನಿದರಾಗ?” ಅಂದಳು.

“ಇಲ್ಲವ್ವಾ.”

“ಹಾಲು?”

“ಇಲ್ಲ.”

“ಸಕ್ಕರಿ?”

“ಅದೂ ಇಲ್ಲ.”

ಲೋಟ ಎತ್ತಿ ಒಂದು ಗುಟುಕು ಕುಡಿದಳು. ನಾನು ಉಸಿರು ಹಿಡಿದು ನಿಂತೆ. ಅವ್ವ ತುಸು ಹೊತ್ತು ಬಾಯಿ ಚಪ್ಪರಿಸಿದಳು.

“ರುಚಿನೂ ಇಲ್ಲ,” ಅಂದಳು. “ಹಂಗಾದ್ರ ಏಕಾದಶಿಗೆ ನಡೀತೈತಿ.”

ಎದುರಾಳಿಯ ಅಧ್ಯಯನ

ನಮ್ಮ ಮಾಲೀಕರು ತೆಲುಗಿನವರು. ಕಾರ್ಖಾನೆಯ ಒಳಗೆ ಹಾಲಿನ ಚಹಾ ತರಬಾರದು ಎಂದು ಅವರ ಕಟ್ಟಪ್ಪಣೆ. “ಮನಂ ಮಾಡಿದ್ದನ್ನ ಮನಮೇ ಕುಡೀಲಿಲ್ಲ ಅಂದ್ರೆ ಜನ ಯಾಕೆ ಕುಡೀತಾರೆ?” ಎಂದು ‘ನಾವು’ ಅನ್ನುವಲ್ಲಿ ‘ಮನಂ’ ಇಟ್ಟು, ತೆಲುಗು ಕನ್ನಡ ಎರಡನ್ನೂ ಕಲಸಿ ಭಾಷಣ ಮಾಡುತ್ತಾರೆ. ನನ್ನ ಜೊತೆ ಇದ್ದು ಇದ್ದು ಅವರಿಗೆ ಅಷ್ಟು ಕನ್ನಡ ಬಂದಿದೆ. ಮಾತೂ ಸರಿಯೇ. ಆದರೆ ಬೆಳಗಿನಿಂದ ತುಳಸಿ, ಶುಂಠಿ, ಮೆಣಸು ಎಂದು ಎಳೆದು ಉಗುಳಿದ ಬಾಯಿಗೆ ಸಂಜೆ ನಾಲ್ಕಕ್ಕೆ ಒಂದೇ ಒಂದು ಆಸೆ, ಇರಾನಿ ಚಹಾ. ಗಟ್ಟಿ ಹಾಲು, ಕಣ್ಣು ಮುಚ್ಚಿ ಸುರಿದ ಸಕ್ಕರೆ, ಅದ್ದಿ ತಿನ್ನಲು ಉಸ್ಮಾನಿಯಾ ಬಿಸ್ಕತ್ತು.

ಒಂದು ದಿನ ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಹೇಳಿ, ಯಾರಿಗೂ ಕಾಣದ ಹಾಗೆ ನಾಲ್ಕು ಓಣಿ ದಾಟಿ ದೂರದ ಇರಾನಿ ಹೋಟೆಲಿಗೆ ಹೊಕ್ಕೆ. ಮೂಲೆಯ ಟೇಬಲ್ಲಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಒಬ್ಬರು ಕಪ್ಪಿನ ಕೆಳಗಿನ ಬಸಿಗೆ ಸುರಿದು ಚಹಾ ಊದಿ ಊದಿ ಕುಡಿಯುತ್ತಿದ್ದರು. ಆ ಬೆನ್ನನ್ನು ನಾನು ಎಲ್ಲಿಯಾದರೂ ಗುರುತಿಸಬಲ್ಲೆ. ಜಿಎಸ್‌ಟಿ ಆಫೀಸಿಗೆ ಹೋಗಿಬರುತ್ತೇನೆಂದು ಮಧ್ಯಾಹ್ನವೇ ಹೊರಟಿದ್ದ ನಮ್ಮ ಮಾಲೀಕರು.

ತಿರುಗಿ ಓಡಬೇಕು ಅನ್ನುವಷ್ಟರಲ್ಲಿ ಅವರು ತಿರುಗಿ ನೋಡಿದರು. ಬಸಿ ಕೈಯಲ್ಲಿ, ಬಿಸ್ಕತ್ತು ಬಾಯಲ್ಲಿ.

“ಕಾಂಪಿಟೇಶನ್ ಸ್ಟಡಿ,” ಅಂದರು ಕೊನೆಗೆ, ಬಿಸ್ಕತ್ತು ನುಂಗಿ.

“ನಾನೂ ಅದಕ್ಕೇ ಬಂದೆ ಸಾರ್,” ಎಂದು ಎದುರಿಗೆ ಕೂತೆ.

ಆಮೇಲೆ ಇಬ್ಬರೂ ಸೇರಿ ಇನ್ನೆರಡು ಸಲ ಸ್ಟಡಿ ಮಾಡಿದೆವು. ಎದುರಾಳಿ ಬಹಳ ಬಲಶಾಲಿ ಎಂದು ಒಮ್ಮತಕ್ಕೆ ಬಂದು, ಬೇರೆ ಬೇರೆ ದಾರಿಯಿಂದ ಕಾರ್ಖಾನೆ ಸೇರಿದೆವು.

ಘಮಘಮಿಸಿದ ಮಸಾಲೆ

ದಾಲ್ಚಿನ್ನಿ, ಲವಂಗ, ಏಲಕ್ಕಿ, ಶಾಜೀರ, ನಕ್ಷತ್ರಮೊಗ್ಗು ಕೂಡಿಸಿ ಒಂದು ಮಸಾಲೆ ಚಹಾ ಮಾಡಿದ್ದೆ. ಇದು ಗೆದ್ದೇ ಗೆಲ್ಲುತ್ತದೆ ಎಂದು ನನ್ನ ನಾಲಿಗೆ ಹೇಳುತ್ತಿತ್ತು. ನಮ್ಮ ಬಿಲ್ಡಿಂಗಿನ ಮನೆಮನೆಗೂ ಒಂದೊಂದು ಪೊಟ್ಟಣ ಕೊಟ್ಟು, ಹ್ಯಾಗಿದೆ ಹೇಳಿ ಅಂದೆ. ಬರೀ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ಸೋಸಿ ಕುಡಿಯಬೇಕೆಂದು ಬಾಯಿ ನೋಯುವ ಹಾಗೆ ಹೇಳಿದ್ದೆ.

ವಾರ ಬಿಟ್ಟು ವಿಚಾರಿಸಿದರೆ ಎಲ್ಲರೂ ಅದನ್ನು ಹಾಲಿನಲ್ಲಿ ಕುದಿಸಿದ್ದರು. “ಛಲೋ ಇತ್ರಿ. ಆದ್ರ ಚಹಾಪುಡಿ ಸಕ್ಕರಿ ನಾವೇ ಹಾಕಬೇಕಾತು,” ಎಂದು ಕೆಳಗಿನ ಮನೆಯವರು ಆಕ್ಷೇಪವನ್ನೂ ಎತ್ತಿದರು.

ಎದುರು ಮನೆಯಾಕೆ ಬೀದರ ಕಡೆಯವರು. ಅವರು ಮಾತ್ರ ಏನೂ ಹೇಳದೆ, ಆ ಭಾನುವಾರ ದೊಡ್ಡ ಡಬ್ಬಿಯಲ್ಲಿ ಮಸಾಲೆ ಹಾಕಿದ ಬಗಾರಾ ಅನ್ನ ತಂದುಕೊಟ್ಟರು. ಮುಚ್ಚಳ ತೆಗೆದ ಕೂಡಲೇ ಮನೆಯೆಲ್ಲ ಘಮ್ಮೆಂದಿತು. ಅವ್ವ ಎರಡು ಸಲ ಹಾಕಿಸಿಕೊಂಡಳು. ತಾಟಿನ ಅಂಚಿನ ಅಗುಳನ್ನೂ ಬಿಡಲಿಲ್ಲ.

“ಏನ್ ಘಮಾ, ಏನ್ ರುಚಿ! ಆಕಿ ಕೈ ಭಾಳ ಛಲೋ ನೋಡು,” ಅಂದಳು.

ನನಗೆ ಆ ಘಮ ಮೊದಲ ತುತ್ತಿಗೇ ಗುರುತು ಸಿಕ್ಕಿತ್ತು. ಎದ್ದು ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ.

“ಹೌದ್ರಿ, ನಿಮ್ಮ ಪೊಟ್ಟಣಾನೇ ಒಗ್ಗರಣಿಗೆ ಹಾಕಿದೆ,” ಅಂದರು ಆಕೆ ಸಂಕೋಚವಿಲ್ಲದೆ. “ಇನ್ನೊಂದು ಕಿಲೋ ಸಿಗ್ತೈತೇನ್ರಿ? ಶುಕ್ರವಾರ ಮಂದಿ ಊಟಕ್ಕ ಬರೋರು ಅದಾರ.”

ಓಡುತ್ತ ಮನೆಗೆ ಬಂದೆ. ಇಷ್ಟು ವರ್ಷಕ್ಕೆ ಅವ್ವ ಸಿಕ್ಕಿಬಿದ್ದಿದ್ದಳು.

“ಅವ್ವಾ, ನೀ ಹೊಗಳಿದಿಯಲ್ಲ, ಆ ಮಸಾಲಿ ನಂದು! ನಾ ಮಾಡಿದ್ದು!”

ಅವ್ವ ಕೈ ತೊಳೆಯುತ್ತಿದ್ದವಳು ನಿಂತಳು. ಬಾಯಲ್ಲಿ ಉಳಿದ ರುಚಿಯನ್ನು ಇನ್ನೊಮ್ಮೆ ನೋಡಿಕೊಂಡಳು.

“ಅದಕ್ಕ ಮತ್ತ,” ಅಂದಳು, “ಲವಂಗ ಒಂಚೂರು ಹೆಚ್ಚಾಗೇತಿ.”

ಐದನೆಯ ಲೋಟ

ಮನೆಯ ಹಿರಿಯರು ಒಪ್ಪಿದರೆ ಮನೆಯೆಲ್ಲ ಕುಡಿಯುತ್ತದೆ ಎಂದು ಮಾಲೀಕರಿಗೆ ಒಂದು ಸಲ ಹೊಳೆಯಿತು. ಕೆಲಸಗಾರರೆಲ್ಲ ತಮ್ಮ ಮನೆಯ ಹಿರಿಯರನ್ನು ಭಾನುವಾರ ಕಾರ್ಖಾನೆಗೆ ಕರೆತರಬೇಕು, ಅವರು ಹೋಲಿಸಿ ನೋಡಿ ಮೆಚ್ಚಿದ್ದನ್ನೇ ಮಾರುಕಟ್ಟೆಗೆ ಬಿಡೋಣ ಅಂದರು. ಅವ್ವನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ಕೊನೆಗೆ ಮೆಟ್ರೊದಲ್ಲಿ ಕರೆದೊಯ್ಯುತ್ತೇನೆಂದ ಮೇಲೆ ಇಳಕಲ್ ಸೀರೆ ಉಟ್ಟು ಹೊರಟಳು.

ಆ ದಿನ ಹೋಲಿಸಿ ನೋಡಲು ಇಟ್ಟ ನಾಲ್ಕು ಮಿಶ್ರಣಕ್ಕೆ ನಾನು ಮಳೆಗಾಲವೆಲ್ಲ ದುಡಿದಿದ್ದೆ. ನಾಲ್ಕರಲ್ಲಿ ಒಂದಾದರೂ ಅವ್ವನ ಬಾಯಿಗೆ ಹತ್ತಲಿ ಎಂದು ಬೆಳಿಗ್ಗೆ ದೇವರಿಗೆ ದೀಪವನ್ನೂ ಹಚ್ಚಿದ್ದೆ. ಹಿರಿಯರಲ್ಲಿ ಹಲವರು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು, ಆದ್ದರಿಂದ ಕಪ್ಪು ಬಿಟ್ಟು ಸ್ಟೀಲ್ ಲೋಟ ತರಿಸಿದ್ದೆ. ಒಬ್ಬೊಬ್ಬರ ಮುಂದೆ ಐದು ಲೋಟ. ನಾಲ್ಕರಲ್ಲಿ ನನ್ನ ನಾಲ್ಕು ಚಹಾ, ಐದನೆಯದರಲ್ಲಿ ನಡುನಡುವೆ ಬಾಯಿ ತೊಳೆದುಕೊಳ್ಳಲು ಬರೀ ಬಿಸಿನೀರು. ಇದನ್ನು ನಾನು ತೆಲುಗಿನಲ್ಲೂ ಹಿಂದಿಯಲ್ಲೂ ಬಿಡಿಸಿ ಹೇಳಿದೆ. ಅವ್ವನಿಗೆ ಎರಡೂ ಬರುತ್ತವೆ. ಆದರೆ ಆಕೆ ಪಕ್ಕದ ಅಜ್ಜಿಯ ಜೊತೆ ಮೊಣಕಾಲು ನೋವಿನ ಮಾತಿಗೆ ಬಿದ್ದಿದ್ದಳು. ಹಬೆಗೆ ಮಂಜಾಗುತ್ತದೆಂದು ಕನ್ನಡಕವನ್ನೂ ತೆಗೆದಿಟ್ಟಿದ್ದಳು.

ಮೊದಲನೆಯ ಲೋಟ ಎತ್ತಿ ಕುಡಿದಳು. “ಕೆಮ್ಮಿದ್ದವರಿಗೆ ಕೊಡು.”

ಎರಡನೆಯದು. “ಇದರಾಗ ಹುಲ್ಲು ಬಿದ್ದೈತಿ.”

“ಹುಲ್ಲು ಹಾಕಿದ್ದೇ ಅವ್ವಾ, ಮಜ್ಜಿಗಿ ಹುಲ್ಲು.”

“ಯಾಕ, ನಾ ಏನ್ ಎಮ್ಮಿ ಏನು?”

ಮೂರನೆಯದರಲ್ಲಿ ದಾಸವಾಳವಿತ್ತು. ಹೂವು ದೇವರಿಗೆ ಏರಿಸುವುದಕ್ಕಿರುವುದು, ಕುದಿಸುವುದಕ್ಕಲ್ಲ ಅಂದಳು. ನಾಲ್ಕನೆಯದಕ್ಕೆ ಮಾತೇ ಇಲ್ಲ, ಮುಖ ಮಾತ್ರ ಹುಳ್ಳಗಾಯಿತು. ಮಳೆಗಾಲದ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವ್ವ ಐದನೆಯ ಲೋಟ ಎತ್ತಿದಳು. ಬಾಯಿ ತೊಳೆದುಕೊಳ್ಳುತ್ತಾಳೆ ಎಂದು ನಾನು ಉಗುಳುವ ಡಬ್ಬಿಯನ್ನು ಹತ್ತಿರ ಸರಿಸಿದೆ. ಆಕೆ ಉಗುಳಲಿಲ್ಲ. ನುಂಗಿ, ಕಣ್ಣು ಮುಚ್ಚಿ, ಇನ್ನೊಂದು ಗುಟುಕು ಹೊಯ್ದುಕೊಂಡಳು. ಆಮೇಲೆ ಇನ್ನೊಂದು. ಮುಖ ಅರಳಿತು.

“ತಮ್ಮಾ,” ಅಂದಳು. “ಇದು ಛಲೋ ಐತಿ.”

ನಾನು ಬಗ್ಗಿ ಲೋಟದೊಳಗೆ ಇಣುಕಿದೆ, ಬಿಸಿನೀರೇ.

“ಖಾರಿಲ್ಲ, ಒಗರಿಲ್ಲ. ಗಂಟಲಾಗ ಎಷ್ಟು ಹಗುರಕ ಇಳೀತೈತಿ! ಇಷ್ಟು ವರ್ಷ ಮಾಡಿದ್ರಾಗ ಇದೊಂದು ನೋಡಪಾ ಚೊಕ್ಕ ಆಗೇತಿ. ಇದರಾಗ ನೀ ಏನೂ ಕೆಡಿಸಿಲ್ಲ.”

ಮಾಲೀಕರಿಗೆ ಅಷ್ಟು ಕನ್ನಡ ಅರ್ಥವಾಯಿತು. ನನ್ನನ್ನು ನೋಡಿ, ಹೇಳಬೇಡ ಎಂದು ಸಣ್ಣಗೆ ತಲೆಯಾಡಿಸಿ, ಕರವಸ್ತ್ರ ಬಾಯಿಗೆ ಒತ್ತಿಕೊಂಡು ಗೋದಾಮಿನ ಕಡೆ ನಡೆದುಬಿಟ್ಟರು. ಅವ್ವ ನನ್ನ ಕೆನ್ನೆ ಸವರಿ, ಎಲ್ಲರ ಎದುರಿಗೆ ತನ್ನ ಹಣೆಯ ಪಕ್ಕಕ್ಕೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದಳು. ಬರೀ ನೀರು ಎಂದು ಗೊತ್ತಿದ್ದೂ ನನ್ನ ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ಅಷ್ಟು ಸಂತೋಷವಾಯಿತು.

ನಿಜ ಹೇಳಿಬಿಡೋಣ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಪಕ್ಕದ ಅಜ್ಜಿಗೆ ಹೇಳಿಯಾಗಿತ್ತು, ಇದು ನನ್ನ ಮಗ ಮಾಡಿದ್ದು ಎಂದು. ಆಮೇಲೆ ನನ್ನ ಕಡೆ ತಿರುಗಿದಳು.

“ಇದರ ಪುಡಿ ಒಂದು ಪೊಟ್ಟಣ ಕಟ್ಟು. ಕಲಬುರಗಿಗೆ ನನ್ನ ತಂಗಿಗೆ ಕಳಸ್ತೀನಿ. ಏನೇನ್ ಹಾಕೀದಿ ಅಂತ ಕೇಳೂದಿಲ್ಲ, ಅದು ನಿಮ್ಮ ಕಂಪನಿ ಗುಟ್ಟು ಇರ್ತೈತಿ.”

ನಾನು ಒಂದು ಖಾಲಿ ಪೊಟ್ಟಣ ಕೈಗೆತ್ತಿಕೊಂಡು, ಆಕೆಗೆ ಬೆನ್ನು ಮಾಡಿ ಮೇಜಿನ ಮುಂದೆ ನಿಂತೆ. ಏನು ತುಂಬಲಿ ಎಂದು ಯೋಚಿಸುತ್ತಿರುವಾಗ ಹಿಂದಿನಿಂದ ಅವ್ವನ ದನಿ ಬಂತು.

“ಬಾಯಿ ಬಿಗಿಯಾಗಿ ಕಟ್ಟು ತಮ್ಮಾ. ಗಾಳಿ ಆಡಿದ್ರ ರುಚಿ ಹಾರಿ ಹೋಗ್ತೈತಿ.”