ಕಟ್ಟೆಗೆ ನೀರು ಸುರಿದವಳು

ಸಿನೆಮಾ ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವವರನ್ನು ಕಂಡರೆ ನನಗೆ ಅನುಮಾನ. ಮನೆಯಲ್ಲಿ ಏನೋ ಮುಚ್ಚಿಟ್ಟು ಬಂದಿದ್ದಾರೆ ಅನ್ನಿಸುತ್ತದೆ. ಹೋದ ತಿಂಗಳು ಚಿಕ್ಕೋಡಿಯ ಥಿಯೇಟರಿನಲ್ಲಿ ಹಾಗೆ ನಕ್ಕವಳು ನಾನೇ. ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮ ಏಕಸಂಬಿಯ ಮನೆಯಲ್ಲಿ ತಮ್ಮ ಬಾಳೂನೇ ಮೊದಲ ಪದವೀಧರ. ಅವನು ಬಿ.ಎ. ಮುಗಿಸಿದಾಗ ಓಣಿಗೆಲ್ಲ ಪೇಢೆ ಹಂಚಿದೆ. ಆಮೇಲೆ ಅವನೂ ಅವನ ಮೂವರು ಗೆಳೆಯರೂ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತರು. ಕುಳಿತವರು ಏಳಲೇ ಇಲ್ಲ. ಕಾಲೇಜಿನ ಕಥೆ, ಮಾಸ್ತರರ ಅಣಕ, ನಗೆಯೋ ನಗೆ. ಒಳಗೆ ಎಮ್ಮೆ ಹಿಂಡುತ್ತ ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಎಮ್ಮೆ ಮಾತ್ರ ಆ ನಗೆ ಕೇಳುತ್ತ ಆರಾಮಾಗಿ ಹಾಲು ಬಿಡುತ್ತಿತ್ತು, ಅದಕ್ಕೂ ಬೈದೆ. ಓದಿದವರನ್ನು ಎದುರಿಗೆ ಬೈಯುವ ಧೈರ್ಯ ನನಗಿಲ್ಲ. ಅದಕ್ಕೆ ದಿನಾ ಅವರು ಬರುವ ಹೊತ್ತಿಗೆ ಸರಿಯಾಗಿ, ತೊಳೆಯುವ ನೆವದಲ್ಲಿ ಕಟ್ಟೆಗೆ ಎರಡು ಕೊಡ ನೀರು ಸುರಿಯತೊಡಗಿದೆ. ಪಾಪ, ಒಂದೆರಡು ದಿನ ನಿಂತೇ ನಕ್ಕರು. ಆಮೇಲೆ ಬರುವುದನ್ನೇ ಬಿಟ್ಟರು. ಬಾಳೂ ಜಗಳ ತೆಗೆಯಲಿಲ್ಲ. ನನ್ನೊಡನೆ ಮಾತನ್ನೇ ಬಿಟ್ಟ, ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದ.

ಅವರು ಬಾರದಿದ್ದರೂ ನಾನು ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. ಒಂದು ಸಂಜೆ ಅದೇ ಹಸಿ ಕಟ್ಟೆಯ ಮೇಲೆ ಅವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಬಾಳೂ ಒಂದು ಫೋನ್ ಮಾಡಿದ, ಮೂವರೂ ಓಡಿ ಬಂದರು. ಮಲಗಿಸಿದ್ದ ಹೊರಸಿನ ಸಮೇತ ಅವ್ವನನ್ನು ಟೆಂಪೋಗೆ ಏರಿಸಿ, ದವಾಖಾನೆಯಲ್ಲಿ ವಾರವಿಡೀ ಸರದಿಯಂತೆ ಕಾದರು. ಓಣಿಯ ನೌಕರದಾರರು ರವಿವಾರ ಬಂದು ಬಿಸ್ಕಿಟ್ ಕೊಟ್ಟು ಹೋದರು. "ನಮಗೇನ್ ಅರ್ಜಂಟ್ ಐತ್ರಿ ಅಕ್ಕಾ? ನೀವು ಮನಿಗಿ ಹೋಗಿ ಎಮ್ಮಿ ನೋಡ್ಕೋರಿ" ಅಂದ, ಆ ಮೂವರಲ್ಲೊಬ್ಬನಾದ ಮಾರುತಿ. ನೀರಿನ ಗುಟ್ಟನ್ನು ಆಗಲೂ ನಾನು ಬಾಯಿ ಬಿಡಲಿಲ್ಲ.

ಕೋಲು ಹಿಡಿದು ನಡೆಯುವಂತಾದ ಮೇಲೆ ಅವ್ವನೇ ನಮ್ಮಿಬ್ಬರನ್ನು ಸಿನೆಮಾಕ್ಕೆ ಅಟ್ಟಿದಳು. "ಒಂದ ಮನ್ಯಾಗ ಇಬ್ಬರು ಮೂಕರನ್ನ ಸಾಕಾಕ ಆಗೂದಿಲ್ಲ. ಹೋಗ್ರಿ, ನಕ್ಕ ಬರ್ರಿ."

ಸಿನೆಮಾದಲ್ಲೂ ಡಿಗ್ರಿ ಮುಗಿಸಿದ ನಾಲ್ವರು. ಕೆಲಸವಿಲ್ಲ. ಕಾಲೇಜಿನ ಎದುರಿನ ಕಟ್ಟೆಯ ಮೇಲೆ ಕೂತು ಹಳೆಯ ದಿನ ನೆನೆಯುವುದೇ ಉದ್ಯೋಗ. ಒಬ್ಬ ತನ್ನ ಹಳೇ ಬೆಂಚಿನ ಮೇಲೆ ಒಮ್ಮೆ ಕೂರಬೇಕೆಂದು ಹೊಸ ಹುಡುಗರ ನಡುವೆ ನುಸುಳಿ, ಹಾಜರಿಯಲ್ಲಿ ಯಾರದೋ ಹೆಸರಿಗೆ "ಎಸ್ ಸರ್" ಅಂದುಬಿಡುತ್ತಾನೆ. ನಾನು ಹೊಟ್ಟೆ ಹಿಡಿದು ನಕ್ಕೆ. ಬಾಳೂ ಕತ್ತಲಲ್ಲಿ ನನ್ನ ಕಡೆ ಬಾಗಿದ.

"ಅವರ ಕಟ್ಟಿ ನೋಡ ಅಕ್ಕಾ, ಹೆಂಗ ಒಣಗೇತಿ."

ನಾನು ಪರದೆ ಬಿಟ್ಟು ಅವನತ್ತ ತಿರುಗಿದೆ. "ನಿನಗ ಗೊತ್ತಿತ್ತೇನೋ?"

"ಮೊದಲನೇ ದಿನಾನ. ತೊಳೆಯಾವ್ರು ಕಸಬರಿಗಿ ಹಿಡೀತಾರ. ನೀ ಬರೇ ನೀರ ಸುರದಿ."

"ಅವರಿಗೂ ಹೇಳೀಯೇನ?"

"ಹೇಳಿದ್ರ ದವಾಖಾನ್ಯಾಗ ನಿನ್ನ ಮಾರಿ ಹೆಂಗ ನೋಡ್ತಿದ್ರು? ಸುಮ್ಮ ಸಿನೆಮಾ ನೋಡ."

ಎಷ್ಟೋ ದಿನಗಳ ಮೇಲೆ ತಮ್ಮ ನನ್ನೊಡನೆ ಅಷ್ಟು ಮಾತಾಡಿದ್ದ. ಉಳಿದ ಸಿನೆಮಾ ನನಗೆ ಮಂಜುಮಂಜಾಗಿ ಕಂಡಿತು.

ಮರುದಿನ ಮೂವರನ್ನೂ ಕರೆಸಿದೆ. ಕಟ್ಟೆಯ ಮೇಲೆ ಜಮಖಾನ ಹಾಸಿ ಚಹಾ ಕೊಟ್ಟೆ. ತಪ್ಪಾಯಿತು ಎನ್ನುವ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ. ಸೆರಗು ಸರಿಪಡಿಸಿಕೊಂಡು ಬಾಯಿ ತೆರೆದರೆ ಹೊರಗೆ ಬಂದದ್ದು, "ಮತ್ತ, ಈಗ ಏನ್ ಮಾಡಾಕತ್ತೀರಿ?"

ಬಾಳೂ ಹಣೆ ಹಣೆ ಬಡಿದುಕೊಂಡ. ಮಾರುತಿ ಮಾತ್ರ ಚಹಾದ ಬಸಿಯಿಂದ ಮುಖವೆತ್ತದೆ, "ಸದ್ಯಕ್ಕ ಚಹಾ ಕುಡ್ಯಾಕತ್ತೇವ್ರಿ ಅಕ್ಕಾ" ಅಂದ.

ಈಗ ಅವರು ದಿನಾ ಬರುತ್ತಾರೆ. ಕ್ಷಮೆ ಕೇಳುವುದನ್ನು ನಾನೂ ದಿನಾ ನಾಳೆಗೆ ಇಡುತ್ತೇನೆ. ಮಾಡಬೇಕಾದ ಕೆಲಸ ಬಿಟ್ಟು ಸುಮ್ಮನೆ ಕೂತವರು ಈ ಮನೆಯಲ್ಲಿ ಯಾರೆಂದು ಯಾರಾದರೂ ಕೇಳಿದರೆ, ಒಳಗೆ ಬನ್ನಿ, ಎಮ್ಮೆಯ ಹತ್ತಿರ ಇದ್ದೇನೆ.